ಪತ್ರದ ಕೊನೆಗೊಂದು ಅಂಗೈ

ಸೇಡಂ
22-11-1976

ಭೀಮಿಯ ಅಪ್ಪನವರಿಗೆ, ಗುರುದೇವಿಯ ನಮಸ್ಕಾರಗಳು.

ನೀವು ಕೂಸಿನ ಮುಖ ನೋಡಿ ಅದೇ ಸಂಜೆಯ ಗಾಡಿಗೆ ಶಹಾಬಾದಕ್ಕೆ ಹೊರಟುಬಿಟ್ಟಿರಿ. ಹೇಳಬೇಕಾದ ಮಾತೆಲ್ಲ ನನಗೆ ನೆನಪಾದದ್ದು ಗಾಡಿ ಹೋದ ಮೇಲೆ. ಭೀಮಿಯನ್ನು ನಿಮ್ಮ ಹತ್ತಿರ ಬಿಟ್ಟು ನಾನೊಬ್ಬಳೇ ತವರಿಗೆ ಬಾಣಂತನಕ್ಕೆ ಬಂದದ್ದು ಸರಿಯಾಯಿತೇ? ಒಂದನೆಯ ಇಯತ್ತೆಯ ಶಾಲೆ ತಪ್ಪಬಾರದು, ಪಕ್ಕದ ಮನೆಯಲ್ಲಿ ಮಾಶಾಬಿ ಇದ್ದಾರೆ, ನೀವಿದ್ದೀರಿ. ಎಲ್ಲವೂ ನಿಜ. ಆದರೆ ನಮ್ಮ ಹಿತ್ತಲ ಗೋಡೆ ದಾಟಿದರೆ ಖಣಿಗೆ ಹೋಗುವ ದಾರಿ, ಆ ದಾರಿಯುದ್ದಕ್ಕೂ ಕಲ್ಲು ತೆಗೆದು ಬಿಟ್ಟ ಹಳೇ ಗುಂಡಿಗಳು, ಅವುಗಳಲ್ಲಿ ಹಸಿರು ನೀರು. ಕಣ್ಣು ಮುಚ್ಚಿದರೆ ಆ ನೀರೇ ಕಾಣುತ್ತದೆ. ಹಾಗಾಗಿ ಮುಚ್ಚುವುದನ್ನೇ ಬಿಟ್ಟಿದ್ದೇನೆ.

ಹಿತ್ತಲ ಬಾಗಿಲಿಗೆ ಮೇಲಿನ ಚಿಲಕ ಹಾಕಿರಿ. ಕೆಳಗಿನದು ಅವಳಿಗೆ ಎಟಕುತ್ತದೆ. ಸ್ಟೋವಿನ ಪಿನ್ನು ಅವಳ ಕೈಗೆ ಸಿಗಬಾರದು. ನೀವು ಬಂಡೆಗೆ ಮದ್ದು ತುಂಬಿ ಸುರಂಗ ಹಾರಿಸಿ ಮನೆಗೆ ಬಂದ ಕೂಡಲೇ ಕೈ ತೊಳೆಯದೆ ಅವಳನ್ನು ಮುಟ್ಟಬೇಡಿರಿ.

ಇನ್ನೊಂದು. ಪ್ರತಿ ಪತ್ರದ ಕೊನೆಗೆ ಭೀಮಿಯ ಅಂಗೈಯನ್ನು ಕಾಗದದ ಮೇಲೆ ಇಡಿಸಿ, ಸುತ್ತ ಪೆನ್ಸಿಲಿನಿಂದ ಗೆರೆ ಎಳೆದು ಕಳಿಸಿರಿ. ನೀವು 'ಕ್ಷೇಮ' ಎಂದು ಬರೆದರೆ ನನಗೆ ಸಾಲದು. ಬೆರಳು ಕಾಣಬೇಕು.

ಕೂಸು ಚೆನ್ನಾಗಿದೆ. ಬಲು ಶಾಂತ. ನಿನ್ನೆ ಅಟ್ಟದಿಂದ ಹಿತ್ತಾಳೆಯ ಕೊಡ ಬಿದ್ದು ಓಣಿಯೆಲ್ಲ ಬೆಚ್ಚಿತು, ಇವನು ಕಣ್ಣು ಸಹ ಪಿಳುಕಿಸಲಿಲ್ಲ. ಅವ್ವ ಹಿಗ್ಗಿಬಿಟ್ಟಳು. "ಎಂಥ ಪುಣ್ಯದ ಕೂಸವ್ವಾ! ಇಂಥಾದು ನಮ್ಮ ಮನ್ಯಾಗ ಹುಟ್ಟೇ ಇಲ್ಲ" ಎಂದಳು.

ನಾನೂ ನಕ್ಕೆ.

ನಿಮ್ಮ
ಗುರುದೇವಿ

*

ಶಹಾಬಾದ
30-11-1976

ಗುರುದೇವಿಗೆ ಆಶೀರ್ವಾದ.

ಪತ್ರ ಮುಟ್ಟಿತು. ಇಲ್ಲಿ ಎಲ್ಲರೂ ಕ್ಷೇಮ. ಚಿಲಕ ಹಾಕಿದ್ದೇನೆ. ಭೀಮಿ ಶಾಲೆಗೆ ಹೋಗುತ್ತಾಳೆ. ಮಾಶಾಬಿ ರೊಟ್ಟಿ ಕೊಡುತ್ತಾರೆ. ಚಳಿ ಬಿದ್ದಿದೆ. ಕೂಸನ್ನು ಬೆಚ್ಚಗಿಡು. ಅಂಗೈ ಕೆಳಗೆ ಇದೆ.

ರೇವಣಪ್ಪ

*

ಸೇಡಂ
5-12-1976

ಭೀಮಿಯ ಅಪ್ಪನವರಿಗೆ,

ಮದುವೆಯಾದ ಹೊಸದರಲ್ಲಿಯೂ ನೀವು ಹೀಗೆಯೇ ಬರೆಯುತ್ತಿದ್ದಿರಿ, ತಂತಿ ಕಳಿಸಿದ ಹಾಗೆ. ನಾನಿನ್ನೂ ಬಿ.ಎ. ಓದುತ್ತಿದ್ದೆ, ಹಾಸ್ಟೆಲಿನ ಗೆಳತಿಯರು ಕಸಿದು ಓದಿ, "ಇದೇನ ಗುರುದೇವಿ, ಗಂಡ ಬರದಾನೋ, ಮಾಲ್ ಗಾಡಿ ಗಾರ್ಡ್ ಬರದಾನೋ?" ಎಂದು ಛೇಡಿಸುತ್ತಿದ್ದರು. ಆಗ ನಗು ಬರುತ್ತಿತ್ತು. ಈಗ ಬರುವುದಿಲ್ಲ.

ಭೀಮಿಯ ಅಂಗೈಯನ್ನು ಬೆಳಕಿಗೆ ಹಿಡಿದು ನೋಡಿದೆ. ಕಿರುಬೆರಳ ಹತ್ತಿರ ಗೆರೆ ಕಡಿದಿದೆ. ಯಾಕೆ? ಬೆರಳಿಗೆ ಏನಾಗಿದೆ? ಬಾಗಿಲ ಸಂದಿಗೆ ಸಿಕ್ಕಿತೇ? ಗಾಯ ಇದ್ದರೆ ಇದೆ ಎಂದು ಬರೆಯಿರಿ. ಮುಚ್ಚಿಟ್ಟರೆ ನಾನು ಅದಕ್ಕಿಂತ ದೊಡ್ಡದನ್ನು ಊಹಿಸಿಕೊಳ್ಳುತ್ತೇನೆ. ಅವ್ವ ಬೈಯುತ್ತಾಳೆ: "ಬಿ.ಎ. ಓದಿ ಏನ್ ಬಂತು? ಕೂಸು ಎತ್ತಿ ಆಡ್ಸಾಕ ಬರಲ್ಲ, ಕಾಗದ ಹಿಡಕೊಂಡು ದೀಪದ ಮುಂದ ಕುಂದರ್ತಿ."

ಕೂಸು ಚೆನ್ನಾಗಿದೆ. ಈಗ ನಮ್ಮ ಮುಖವನ್ನೇ ದಿಟ್ಟಿಸಿ ನೋಡುತ್ತಾನೆ.

ಗುರುದೇವಿ

*

ಶಹಾಬಾದ
14-12-1976

ಗುರುದೇವಿಗೆ,

ಬೆರಳಿಗೆ ಏನೂ ಆಗಿಲ್ಲ. ಪೆನ್ಸಿಲು ಕಚಗುಳಿ ಇಟ್ಟಿತು, ಅವಳು ನಕ್ಕಳು, ಬೆರಳು ಅಲ್ಲಾಡಿತು. ಅಷ್ಟೇ. ಈ ಸಲ ನೋಡು, ಎರಡೂ ಕೈಗೆ ಗೆರೆ ಎಳೆದಿದ್ದೇನೆ.

ಇವತ್ತು ಸ್ವಲ್ಪ ಉದ್ದ ಬರೆಯಬೇಕು ಅನಿಸಿದೆ. ಶನಿವಾರ ಕಂಪನಿಯ ಕ್ಲಬ್ಬಿನವರು ಎರಡು ಬೇವಿನ ಗಿಡಕ್ಕೆ ಬಿಳಿ ಪರದೆ ಕಟ್ಟಿ ಮಕ್ಕಳ ಪಿಕ್ಚರ್ ತೋರಿಸಿದರು. ಒಬ್ಬ ಗುಮಾಸ್ತ. ನಗುವುದನ್ನೇ ಮರೆತವನು. ಅವನಿಗೆ ಚಿಕ್ಕಂದಿನ ಬುಗುರಿ ಸಿಗುತ್ತದೆ. ಅದು ತಿರುಗುವಷ್ಟು ಹೊತ್ತು ಎಲ್ಲವೂ ಮೊದಲಿನ ಹಾಗೆ. ಟಾಂಗಾದ ಕುದುರೆ ಮಾತಾಡಿಸುತ್ತದೆ, ಚಂದ್ರ ಕಿಟಕಿಗೆ ಮೂಗು ಒತ್ತಿ ನಿಲ್ಲುತ್ತಾನೆ. ಬುಗುರಿ ವಾಲಿ ಬಿತ್ತೋ, ಮತ್ತೆ ಆಫೀಸು. ಮಕ್ಕಳೆಲ್ಲ ಬಿದ್ದು ಬಿದ್ದು ನಕ್ಕವು. ನನಗೆ ಯಾಕೋ ಅಳು ಬಂತು. ನಾನು ಮೇಟ್ ಆಗಿರುವ ಗ್ಯಾಂಗಿನ ಜಿಲಾನಿ ಹಿಂದೆ ಕೂತಿದ್ದ. "ಏನ್ರಿ ಮೇಟ್ರೇ, ಇಲ್ಲೂ ಮದ್ದಿನ ಹೊಗಿ ಬಂತೇನ್ರಿ ಕಣ್ಣಾಗ?" ಎಂದ. ಸುತ್ತಲಿನವರೆಲ್ಲ ತಿರುಗಿ ನೋಡಿದರು.

ಮರುದಿನ ಭೀಮಿಯನ್ನು ಕರೆದುಕೊಂಡು ಫರ್ಸಿ ಕಲ್ಲು ಒಟ್ಟಿದ ಕಡೆ ಹೋದೆ. ಖಣಿಯೊಳಗೆ ಅಲ್ಲ, ರಸ್ತೆಯ ಕಡೆ, ಹೆದರಬೇಡ. ಒಂದು ಕಲ್ಲಿನ ಅಂಚಿಗೆ ಉಳಿ ಇಟ್ಟು ಮೆಲ್ಲಗೆ ಬಡಿದೆ. ಪುಸ್ತಕದ ಹಾಳೆಯಂತೆ ಎರಡಾಯಿತು. ಒಳಗೆ ಗಿಡ, ಗುರುದೇವಿ! ಕರೀ ಟೊಂಗೆ, ಸಣ್ಣ ಸಣ್ಣ ಎಲೆ, ಮಸಿಯಲ್ಲಿ ಬರೆದ ಹಾಗೆ. ನಾನು ಇಷ್ಟು ವರ್ಷ ಇಂಥವನ್ನು 'ಕಲೆ ಬಿದ್ದ ಮಾಲು' ಎಂದು ಬದಿಗೆ ಎಸೆಯುತ್ತಿದ್ದೆ. ಚಿಕ್ಕವನಿದ್ದಾಗ ನಮ್ಮಪ್ಪ ಕಲ್ಲು ಬಿಚ್ಚುವ ಮೊದಲು ನನ್ನನ್ನು ಕೂಗುತ್ತಿದ್ದ. "ರೇವಣ್ಯಾ, ಕಣ್ಣು ಮುಚ್ಚಬ್ಯಾಡ. ಇದರ ಒಳಗಿಂದು ಇಲ್ಲಿತನಕ ಯಾರೂ ನೋಡಿಲ್ಲ. ನೀನೇ ಮೊದಲ" ಎನ್ನುತ್ತಿದ್ದ. ಅದು ಎಲ್ಲಿ ಹೋಗಿತ್ತೋ. ಭೀಮಿಗೆ ಅದೇ ಮಾತು ಹೇಳಿದೆ. ಅವಳು ಉಸಿರು ಬಿಗಿಹಿಡಿದು ನೋಡಿದಳು. ಒಂದು ಚೂರು ಅವಳ ಹತ್ತಿರವೇ ಇದೆ, ಮಲಗುವಾಗಲೂ ಬಿಡುವುದಿಲ್ಲ.

ಇನ್ನೊಂದು ಆಟ ಕಲಿಸಿದ್ದೇನೆ. ಸುರಂಗದ ಸಪ್ಪಳ ಕಿವಿಗಿಂತ ಮೊದಲು ನೆಲಕ್ಕೆ ಬರುತ್ತದೆ. ನಮ್ಮ ಹಳೇ ಮಂದಿಗೆ ಕಿವಿ ಮಂದ, ಅಂಗಾಲಿನಲ್ಲೇ ತಿಳಿದುಕೊಳ್ಳುತ್ತಾರೆ. ಭೀಮಿ ಮಧ್ಯಾಹ್ನ ಮಾಶಾಬಿಯ ಮನೆಯ ಫರ್ಸಿಯ ಮೇಲೆ ಅಂಗೈ ಊರಿ ಮಲಗುತ್ತಾಳಂತೆ. "ಖಾಲಾ, ಬಂತು!" ಅನ್ನುತ್ತಾಳಂತೆ, ಆಮೇಲೆ ಢಂ ಎನ್ನುತ್ತದಂತೆ.

ನನ್ನ ಹಳೇ ಸೀಟಿ ಅವಳಿಗೆ ಕೊಟ್ಟಿದ್ದೇನೆ. ಖಣಿಯಲ್ಲಿ ಊದುವ ಹಾಗೆಯೇ ಊದುತ್ತಾಳೆ. ಉದ್ದ ಊದಿದರೆ ಎಲ್ಲರೂ ಅಡಗಬೇಕು, ಎರಡು ಸಲ ಚುಟುಕಾಗಿ ಊದಿದರೆ ಹೊರಗೆ ಬರಬೇಕು. ಸಂಜೆ ನಾನು ಮಂಚದ ಕೆಳಗೆ ಅಡಗುತ್ತೇನೆ. ಅವಳು ಎರಡು ಊದಿ, "ಬರ್ರಿ ಮೇಟ್ರೇ, ಊಟ ತಯಾರ್ ಅದ" ಅನ್ನುತ್ತಾಳೆ. ನೀನು ನೋಡಿದರೆ ನಗುತ್ತಿದ್ದೆ.

ರೇವಣಪ್ಪ

*

ಸೇಡಂ
19-12-1976

ಭೀಮಿಯ ಅಪ್ಪನವರಿಗೆ,

ನಾನು ನಗಲಿಲ್ಲ. ನಿಮ್ಮ ಪತ್ರ ಓದಿ ಹೆದರಿದೆ.

ನಾಲ್ಕು ಸಾಲಿನವರು ಕಾಗದ ತುಂಬಿಸಿ ಬರೆದಿದ್ದೀರಿ. ಅವ್ವನಿಗೆ ಓದಿ ಹೇಳಿದೆ. ಹೇಳಬಾರದಿತ್ತು. "ಅಳಿಯಂದ್ರು ಎಲ್ಯಾರ ಕುಡೀಲಿಕತ್ತಾರೇನವ್ವಾ?" ಎಂದು ಕೇಳಿದಳು. ಇಲ್ಲ ಎಂದೆ. ಆದರೆ ಕುಡಿದಿದ್ದರೂ ಇಷ್ಟು ಹೆದರುತ್ತಿರಲಿಲ್ಲವೇನೋ. ನಿಮ್ಮದು ಮದ್ದಿನ ಬತ್ತಿಗೆ ಬೆಂಕಿ ಹಚ್ಚುವ ಕೆಲಸ. ಅಂಥ ಕೈಯ ಮನಸ್ಸು ಬುಗುರಿಯ ಹಿಂದೆ ಹೋದರೆ ಏನಾದೀತು? ನೀವು ನಗದೆ ಇದ್ದದ್ದೇ ನನಗೆ ಧೈರ್ಯವಾಗಿತ್ತು. ಈ ಮನುಷ್ಯ ಎಲ್ಲವನ್ನೂ ಎಣಿಸಿ, ತೂಗಿ, ಆಮೇಲೆ ಹೆಜ್ಜೆ ಇಡುತ್ತಾನೆ ಎಂದುಕೊಂಡಿದ್ದೆ. ಈಗ ನೀವೂ ಮಗುವಾದರೆ, ಆ ಮನೆಯಲ್ಲಿ ಎರಡು ಮಕ್ಕಳು, ನೋಡಿಕೊಳ್ಳುವವರು ಯಾರೂ ಇಲ್ಲ.

ಸೀಟಿಯನ್ನು ಕಸಿದುಕೊಳ್ಳಿರಿ. ದಯವಿಟ್ಟು. ಅದನ್ನು ಅವಳ ಕಿವಿಯ ಹತ್ತಿರ ಊದಬೇಡಿರಿ. ಕಿವಿ ಎಂದರೆ ಎಷ್ಟು ನಾಜೂಕು ಎಂದು ನಿಮಗೆ

ಅವ್ವ ಕರೆಯುತ್ತಿದ್ದಾಳೆ. ಅದು ಇರಲಿ. ಸೀಟಿ ಮಾತ್ರ ಬೇಡ.

ಗುರುದೇವಿ

*

ಶಹಾಬಾದ
2-1-1977

ಗುರುದೇವಿಗೆ,

ಕೆಲಸ ಭಾಳ. ಅದಕ್ಕೇ ಕಾರ್ಡಿನಲ್ಲಿ ಬರೆದಿದ್ದೇನೆ. ಎಲ್ಲ ಕ್ಷೇಮ. ಸೀಟಿ ಈಗ ಇಲ್ಲ. ನೀನು ಹೇಳಿದ ಹಾಗೆ ಆಟವೆಲ್ಲ ಬಿಟ್ಟಿದ್ದೇನೆ. ಕೂಸನ್ನು ನೋಡಿಕೋ.

ರೇವಣಪ್ಪ

*

ಸೇಡಂ
6-1-1977

ಭೀಮಿಯ ಅಪ್ಪನವರಿಗೆ,

ಅಂಗೈ ಎಲ್ಲಿ?

ಕಾರ್ಡನ್ನು ತಿರುವಿ ಮುರುವಿ ನೋಡಿದೆ. ಅಂಚೆಯವನನ್ನು ಕೂಗಿ ವಾಪಸು ಕರೆಸಿ, ಇನ್ನೊಂದು ಕಾಗದ ಉಳಿದಿದೆಯೇ, ಚೀಲ ನೋಡಪ್ಪ ಎಂದೆ. ಅವನು ಚೀಲ ನೋಡಿ, "ಇಲ್ರಿ ಅಕ್ಕೋರೇ, ನಿಮ್ದು ಇಷ್ಟೇ" ಎಂದ. ಕಾರ್ಡಿನಲ್ಲಿ ಒಂದು ಮಗುವಿನ ಕೈ ಹಿಡಿಸುವಷ್ಟು ಜಾಗ ಖಾಲಿ ಇದೆ. ಅಷ್ಟೂ ಜಾಗವನ್ನು ನೀವು ಖಾಲಿ ಬಿಟ್ಟಿದ್ದೀರಿ.

ಅವಳು ಇದ್ದಾಳೆಯೇ? ಇಷ್ಟು ಬರೆಯಿರಿ ಸಾಕು. ಕೈ ಇದೆಯೇ? ನಾನು ಏನೇನೋ ಯೋಚಿಸಿದ್ದೇನೆ, ಅದನ್ನೆಲ್ಲ ಬರೆದರೆ ನಿಜವಾಗಿಬಿಟ್ಟೀತು ಎಂದು ಬರೆಯುವುದಿಲ್ಲ. ಇಲ್ಲಿ ಕೂತು ಬಾಣಂತಿಯ ಹೊಗೆ ಹಾಕಿಸಿಕೊಳ್ಳುತ್ತೇನೆ, ತುಪ್ಪ ಅನ್ನ ತಿನ್ನುತ್ತೇನೆ, ಕೇಳಿದವರಿಗೆ ಚೆನ್ನಾಗಿದ್ದೇನೆ ಎನ್ನುತ್ತೇನೆ.

ನನ್ನ ತಮ್ಮ ಕಾಶಪ್ಪ ಸೋಮವಾರದ ಗಾಡಿಗೆ ಬರುತ್ತಾನೆ. ವಾಡಿಯಲ್ಲಿ ಗಾಡಿ ಬದಲಿಸಿ ಮಧ್ಯಾಹ್ನದ ಹೊತ್ತಿಗೆ ನಿಮ್ಮ ಮನೆಗೆ ಮುಟ್ಟುತ್ತಾನೆ. ಭೀಮಿಯನ್ನು ಅವನ ಜೊತೆ ಕಳಿಸಿಬಿಡಿರಿ. ಶಾಲೆ ತಪ್ಪಿದರೆ ತಪ್ಪಲಿ. ಬಾಣಂತನ ಮುಗಿದ ಮೇಲೆ ನಾವು ಮೂವರೂ ಶಹಾಬಾದಕ್ಕೆ ಬರುತ್ತೇವೋ ಇಲ್ಲವೋ, ಅದನ್ನು ಈಗ ಕೇಳಬೇಡಿರಿ.

ಗುರುದೇವಿ

*

ಶಹಾಬಾದ
10-1-1977
(ಕಾಶಪ್ಪನ ಕೈಯಲ್ಲಿ)

ಗುರುದೇವಿಗೆ,

ಈ ಪತ್ರ ಓದುವ ಮೊದಲು ಭೀಮಿ ನಿನ್ನ ಕಣ್ಣ ಮುಂದೆ ಇರುತ್ತಾಳೆ. ಕೈ ಕಾಲು ಎಲ್ಲ ಸರಿ ಇವೆ, ನೋಡಿಕೋ. ಆಮೇಲೆ ಮುಂದೆ ಓದು.

ನೀನು ಸೀಟಿ ಕಸಿದುಕೋ ಎಂದು ಬರೆದಿದ್ದೆ. ನಾಳೆ ಕಸಿದರಾಯಿತು, ನಾಡಿದ್ದು ಕಸಿದರಾಯಿತು ಎಂದು ಮುಂದಕ್ಕೆ ಹಾಕಿದೆ. ಅವಳ ಸಂತೋಷ ನೋಡಿ ಮನಸ್ಸು ಬರಲಿಲ್ಲ. ಕಾರ್ಡು ಬರೆಯುವುದಕ್ಕೆ ಮೊದಲಿನ ವಾರ ಒಂದು ದಿನ ಶಾಲೆ ಇರಲಿಲ್ಲ. ಮಾಶಾಬಿ ನನ್ನ ಊಟದ ಡಬ್ಬಿ ಕಟ್ಟಿ ಒಳಗೆ ಹೋಗಿದ್ದರು. ಅಪ್ಪನಿಗೆ ತಾನೇ ಕೊಟ್ಟು ಬರುತ್ತೇನೆಂದು ಇವಳು ಡಬ್ಬಿ ಹಿಡಿದು ಹೊರಟುಬಿಟ್ಟಳು. ದಾರಿ ತಡೆಯಲು ಕೆಂಪು ಝಂಡಾ ಹಿಡಿದು ನಿಂತವನ ಕಣ್ಣಿಗೂ ಬೀಳಲಿಲ್ಲ.

ನಾನು ಉದ್ದ ಸೀಟಿ ಊದಿ ಎಲ್ಲರನ್ನೂ ಆಸರೆಗೆ ಕಳಿಸಿದ್ದೆ. ಸುರಂಗಗಳು ಒಂದೊಂದಾಗಿ ಹಾರಿದವು. ಒಂದು ಹಾರದೆ ಬಾಕಿ ಉಳಿಯಿತು. ನಾನು ಕಾಯುತ್ತ ಇದ್ದೆ. ಅಷ್ಟರಲ್ಲಿ ಕಲ್ಲಿನ ಗುಡ್ಡೆಯ ಹಿಂದಿನಿಂದ ಎರಡು ಚುಟುಕು ಸೀಟಿ. ಭೀಮಿಗೆ ಕೊಟ್ಟ ನನ್ನದೇ ಹಳೇ ಸೀಟಿ. ಇಷ್ಟು ವರ್ಷ ಆ ಸಪ್ಪಳಕ್ಕೆ ಎದ್ದು ರೂಢಿಯಾದ ಮಂದಿ. ಎದ್ದರು. ಎಲ್ಲರಿಗಿಂತ ಮುಂದೆ ಜಿಲಾನಿ. ನಾನು ಚೀರಿದೆ. ಏನು ಚೀರಿದೆನೋ ಗೊತ್ತಿಲ್ಲ. ಅವನು ಬೋರಲು ಬಿದ್ದ. ಆಗ ಹಾರಿತು.

ಯಾರೂ ಸತ್ತಿಲ್ಲ, ಗುರುದೇವಿ. ಜಿಲಾನಿಯ ಭುಜಕ್ಕೆ ಕಲ್ಲು ಬಡಿದು ಹೊಲಿಗೆ ಹಾಕಿದ್ದಾರೆ. ನೋಡಲು ಹೋಗಿದ್ದೆ. ಅವನೇ ಅಂದ: "ಕೂಸಿಗೆ ಬೈಬ್ಯಾಡ್ರಿ ಮೇಟ್ರೇ. ಆಕಿ ಊಟಕ್ಕ ಕರದಾಳ. ಕತ್ತೆ ಹಂಗ ಎದ್ದು ಓಡಿದಾಂವ ನಾನು."

ಬೈದಿಲ್ಲ. ಆದರೆ ನನ್ನ ಚೀರಾಟ ಅವಳು ಕೇಳಿದಳಲ್ಲ. ರಕ್ತ ನೋಡಿದಳಲ್ಲ. ಅವತ್ತಿನಿಂದ ಮಾತಾಡಿಲ್ಲ. ಬಲಗೈಯಲ್ಲಿ ಆ ಗಿಡದ ಕಲ್ಲಿನ ಚೂರು ಹಿಡಿದು ಮುಷ್ಟಿ ಬಿಗಿದಿದ್ದಾಳೆ, ಉಣ್ಣುವಾಗಲೂ ಬಿಚ್ಚುವುದಿಲ್ಲ. ಎಡಗೈಯನ್ನಾದರೂ ಇಡು ತಾಯಿ ಎಂದರೆ ಬೆನ್ನ ಹಿಂದೆ ಒಯ್ಯುತ್ತಾಳೆ. ಕಾರ್ಡಿನಲ್ಲಿ ಅಂಗೈ ಇಲ್ಲದ್ದು ಅದಕ್ಕೆ. ನಾನೇ ನನ್ನ ಕೈಯನ್ನು ಸಣ್ಣದಾಗಿ ಬರೆದು ಕಳಿಸಬಹುದಿತ್ತು. ಪೆನ್ಸಿಲು ಹಿಡಿದಿದ್ದೆ ಕೂಡ. ಆಗಲಿಲ್ಲ.

ನನ್ನನ್ನು ಸುರಂಗದ ಕೆಲಸದಿಂದ ತೆಗೆದು ಲಾರಿ ತೂಗುವ ಕಾಂಟಾದ ಹತ್ತಿರ ಕೂಡಿಸಿದ್ದಾರೆ. ಸರಿಯಾಯಿತು. ನೀನು ಹೇಳಿದ್ದೂ ಸರಿಯಾಯಿತು. ಉಳಿಯನ್ನು ಕೊಟ್ಟುಬಿಟ್ಟಿದ್ದೇನೆ. ಇನ್ನು ಕಲ್ಲು ಕಲ್ಲೇ. ನೀನು ಬರುತ್ತೀಯೋ ಇಲ್ಲವೋ ನಾನು ಕೇಳುವುದಿಲ್ಲ.

ರೇವಣಪ್ಪ

*

ಸೇಡಂ
19-1-1977

ಭೀಮಿಯ ಅಪ್ಪನವರಿಗೆ,

ಎಷ್ಟು ಸಲ ಬರೆದು ಹರಿದಿದ್ದೇನೋ. ಇದನ್ನು ಹರಿಯುವುದಿಲ್ಲ.

ನೀವು ಸೀಟಿಯ ಸಂಗತಿಯನ್ನು ಒಂದು ಕಾರ್ಡಿನಷ್ಟು ಕಾಲ ಮುಚ್ಚಿಟ್ಟಿರಿ. ನಾನು ಮೊದಲನೆಯ ಪತ್ರದಿಂದಲೇ ಮುಚ್ಚಿಟ್ಟಿದ್ದೇನೆ. ಕೂಸಿಗೆ ಕಿವಿ ಕೇಳಿಸುವುದಿಲ್ಲ. ಹಿತ್ತಾಳೆಯ ಕೊಡ ಬಿದ್ದ ದಿನವೇ ನನಗೆ ಗೊತ್ತಾಯಿತು. ಅವ್ವ ಪುಣ್ಯದ ಕೂಸು ಎಂದಳು, ನಾನು ನಕ್ಕೆ ಎಂದು ಬರೆದೆ, ನೆನಪಿದೆಯೇ? ಆ ನಗು ಸುಳ್ಳು. ಇವನು ಹೊಟ್ಟೆಯಲ್ಲಿದ್ದಾಗ ದಿನಾ ಮಧ್ಯಾಹ್ನ ನಿಮ್ಮ ಸುರಂಗಕ್ಕೆ ನಮ್ಮ ಗೋಡೆ ನಡುಗುತ್ತಿತ್ತು, ನಾನು ಹೊಟ್ಟೆಯ ಮೇಲೆ ಕೈ ಇಟ್ಟುಕೊಳ್ಳುತ್ತಿದ್ದೆ. ಅದರಿಂದಲೇ ಹೀಗಾಯಿತು ಎಂದು ನನ್ನ ಮನಸ್ಸು ಹಿಡಿದು ಕೂತಿದೆ. ಹೌದೋ ಅಲ್ಲವೋ ಯಾರನ್ನೂ ಕೇಳಿಲ್ಲ. ಕೇಳಿದರೆ ಉತ್ತರ ಬರುತ್ತದಲ್ಲ. ಇವನ ಕಿವಿಯ ಬಗ್ಗೆ ಬರೆಯಲಾಗದೆ ಅವಳ ಬೆರಳ ಬಗ್ಗೆ ಬರೆದೆ. ಹಾಲು ಕೊಟ್ಟ ಕೂಡಲೇ ಅವ್ವನ ಕೈಗೆ ಕೊಟ್ಟುಬಿಡುತ್ತೇನೆ. ನಾನು ಕರೆದರೆ ಅವನು ತಿರುಗುವುದಿಲ್ಲ ಎಂಬುದನ್ನು ನೋಡಲಾರದೆ ಅವನನ್ನು ಕರೆಯುವುದನ್ನೇ ಬಿಟ್ಟೆ.

ಭೀಮಿ ಬಂದಳು. ನೀವು ಬರೆದ ಹಾಗೆಯೇ, ಮಾತಿಲ್ಲ, ಮುಷ್ಟಿ ಬಿಗಿ. ಅವ್ವ ಲೋಬಾನ ಹಾಕಿದಳು, ದೃಷ್ಟಿ ತೆಗೆದಳು. ಅವಳು ಬಾಗಿಲ ಮೂಲೆ ಬಿಟ್ಟು ಏಳಲಿಲ್ಲ. ಅಲ್ಲಿಂದಲೇ ತಮ್ಮನನ್ನು ನೋಡುತ್ತಿದ್ದಳು. ಎರಡು ಮಕ್ಕಳು, ಒಂದಕ್ಕೆ ಮಾತಿಲ್ಲ, ಒಂದಕ್ಕೆ ಕಿವಿಯಿಲ್ಲ. ನಡುವೆ ನಾನು, ಬಿ.ಎ.

ನಿನ್ನೆ ಮಧ್ಯಾಹ್ನ ಅವ್ವ ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕೂಸು ಪಡಸಾಲೆಯಲ್ಲಿ ಕೌದಿಯ ಮೇಲೆ ಬೋರಲು ಮಲಗಿತ್ತು. ಕಾಶಪ್ಪ ಹೊರಗಿನಿಂದ ಬಂದವನು ಬಾಗಿಲನ್ನು ಧಡ್ ಎಂದು ಹಾಕಿದ. ಭೀಮಿ ಬೆಚ್ಚಿ ಗೋಡೆಗೆ ಅಂಟಿದಳು. ಕೂಸು ಬೆಚ್ಚಲಿಲ್ಲ. ಅವಳು ಅವನನ್ನು ನೋಡಿದಳು, ಬಾಗಿಲನ್ನು ನೋಡಿದಳು, ನನ್ನನ್ನು ನೋಡಿದಳು.

"ಅವ್ವಾ, ತಮ್ಮಗ ಕೇಳಸಂಗಿಲ್ಲೇನು?"

ಇಷ್ಟು ದಿನಗಳ ಮೇಲೆ ಅವಳ ಬಾಯಿಂದ ಬಂದ ಮೊದಲ ಮಾತು ಅದು. ಹೌದೆಂದು ಗೋಣು ಹಾಕಿದೆ. ಅವಳು ಅಳುತ್ತಾಳೆ ಎಂದುಕೊಂಡೆ. ಅವಳು ಕೂಸಿನ ಹತ್ತಿರ ತೆವಳಿಕೊಂಡು ಹೋಗಿ, ಕೌದಿಯ ಅಂಚು ಸರಿಸಿ, ಮುಷ್ಟಿ ಬಿಚ್ಚಿದಳು. ಕಲ್ಲಿನ ಚೂರನ್ನು ಪಕ್ಕಕ್ಕೆ ಇಟ್ಟಳು. ಅದರ ಅಂಚು ಅಂಗೈಯಲ್ಲಿ ಕೆಂಪಗೆ ಕೊರೆದಿತ್ತು. ಆ ಕೈಯಿಂದ ತಮ್ಮನ ಕೈಯನ್ನು ಮೆಲ್ಲಗೆ ಬಿಡಿಸಿ ನೆಲದ ಫರ್ಸಿಯ ಮೇಲೆ ಊರಿಸಿದಳು. ನಮ್ಮ ಮನೆಯ ಹಿಂದೆಯೇ ರೈಲಿನ ದಾರಿ ಇದೆಯಲ್ಲ. ಅವಳಿಗೆ ಏನು ತಿಳಿದಿತ್ತೋ.

"ತಡಿ. ಬರ್ಲಿಕತ್ತದ," ಎಂದಳು.

ನನಗೆ ಏನೂ ಕೇಳಲಿಲ್ಲ. ಓಣಿ ಸುಮ್ಮನಿತ್ತು. ಕೂಸು ಮಾತ್ರ ಒಮ್ಮೆಲೇ ತಲೆ ಎತ್ತಿತು. ಬೆರಳುಗಳು ಒಂದೊಂದೇ ಬಿಚ್ಚಿಕೊಂಡು ಕಲ್ಲಿಗೆ ಅಂಟಿಕೊಂಡವು. ಕಣ್ಣು ಇಷ್ಟಗಲ! ಈ ಕಣ್ಣನ್ನು ನಾನು ನೋಡಿಯೇ ಇರಲಿಲ್ಲ. ಅವನು ಹುಟ್ಟಿದಾಗಿನಿಂದ ನಾನು ಅವನ ಕಿವಿಯನ್ನೇ ನೋಡುತ್ತಿದ್ದೆ. ನಾನೂ ಬಗ್ಗಿ ಅಂಗೈ ಊರಿದೆ. ಕಲ್ಲಿನ ಒಳಗೆ ಬಹಳ ದೂರದಲ್ಲಿ ಯಾರೋ ಬೀಸುವ ಕಲ್ಲು ತಿರುವುತ್ತಿದ್ದ ಹಾಗೆ. ಅದು ಹತ್ತಿರ ಬಂತು, ಮೊಣಕೈಗೆ ಏರಿತು. ಆಮೇಲೆ, ಎಷ್ಟೋ ಹೊತ್ತಿನ ಮೇಲೆ, ಚಿತ್ತಾಪುರದ ಕಡೆಯಿಂದ ಮಾಲ್ ಗಾಡಿಯ ಕೂಗು ನನ್ನ ಕಿವಿಗೆ ಬಂತು. ಗಾಡಿ ಹಾದುಹೋಗುವವರೆಗೂ ಕೂಸು ಎರಡೂ ಕಾಲು ಬಡಿಯಿತು. ಭೀಮಿ, "ಆಂವ ನಿನಗಿಂತ ಮೊದಲ ಕೇಳ್ಯಾನ. ನಾ ನೋಡೀನಿ!" ಎಂದು ಕೂಗಿದಳು. ನೆಲದ ಮೇಲೆ ಬಿದ್ದುಕೊಂಡಿದ್ದ ನಮ್ಮ ಮೂವರನ್ನೂ ನೋಡಿ ಅವ್ವ ಒಗೆಯುವ ಬಟ್ಟೆ ಕೈಯಲ್ಲೇ ಹಿಡಿದು ಬಾಗಿಲಲ್ಲಿ ನಿಂತಳು. "ಯವ್ವಾ, ಈಕಿಗೂ ಹುಚ್ಚು ಹಿಡೀತು!" ಎಂದಳು.

ನನ್ನ ಹೆದರಿಕೆ ಹೋಗಿದೆ ಎಂದು ಬರೆಯಲಾರೆ. ಸುಳ್ಳಾಗುತ್ತದೆ. ಕಲಬುರ್ಗಿಯ ದೊಡ್ಡ ಡಾಕ್ಟರರಿಗೆ ತೋರಿಸಬೇಕು, ಅವರು ಏನು ಹೇಳುತ್ತಾರೋ. ಇವನಿಗೆ ನನ್ನ ದನಿ ಎಂದಿಗೂ ತಿಳಿಯದೇ ಹೋದೀತು. ಇವನನ್ನು ರಸ್ತೆ ದಾಟಿಸುವವರು ಯಾರು, ಶಾಲೆಯಲ್ಲಿ ಕೂಡಿಸಿಕೊಳ್ಳುವವರು ಯಾರು? ಹಸಿರು ನೀರು ಈಗಲೂ ಕಾಣುತ್ತದೆ. ಜಿಲಾನಿಯವರ ಭುಜ ಕಾಣುತ್ತದೆ. ಆ ಸೀಟಿಯ ವಿಷಯದಲ್ಲಿ ನಾನು ಹೇಳಿದ್ದು ಸರಿಯೇ. ಅದನ್ನು ಬಿಟ್ಟುಕೊಡುವುದಿಲ್ಲ. ಆದರೆ ಬುಗುರಿಯ ವಿಷಯದಲ್ಲಿ ಅಲ್ಲ. ನೀವು ಭೀಮಿಗೆ ಆ ಆಟ ಕಲಿಸದಿದ್ದರೆ ಈ ಕೂಸಿಗೆ ಹೀಗೆ ಕೇಳುತ್ತದೆ ಎಂದು ನನಗೆ ಹೇಳುವವರು ಈ ಸೇಡಂನಲ್ಲಿ ಯಾರೂ ಇರಲಿಲ್ಲ.

ಹಾಗಾಗಿ, ನೀವು ಕೇಳುವುದಿಲ್ಲ ಎಂದದ್ದಕ್ಕೆ ನಾನೇ ಹೇಳುತ್ತೇನೆ. ಬರುತ್ತೇವೆ. ಮೂವರೂ. ಅದಕ್ಕೂ ಮೊದಲು ನೀವು ಇಲ್ಲಿಗೆ ಬನ್ನಿರಿ, ರಜೆ ಹಾಕಿ ಬನ್ನಿರಿ, ಡಾಕ್ಟರರ ಮುಂದೆ ನನಗೆ ಒಬ್ಬಳಿಗೇ ಕೂರಲಾಗದು. ಕೊಟ್ಟ ಉಳಿಯನ್ನು ಇಸಿದುಕೊಳ್ಳಿರಿ. ಇನ್ನೂ ಬಿಚ್ಚದ ಒಂದು ಸಣ್ಣ ಫರ್ಸಿ ತನ್ನಿರಿ. ನಾನು ನೋಡಿಲ್ಲ. ಇವನೂ ನೋಡಿಲ್ಲ.

ಕೆಳಗೆ ಎರಡು ಅಂಗೈ ಇವೆ. ದೊಡ್ಡದು ಭೀಮಿಯದು. ಸಣ್ಣದನ್ನು ಬರೆಯಲು ಅವನನ್ನು ನನ್ನ ತೊಡೆಯ ಮೇಲೆ ಬಹಳ ಹೊತ್ತು ಕೂಡಿಸಿಕೊಳ್ಳಬೇಕಾಯಿತು. ಕಿರುಬೆರಳ ಹತ್ತಿರ ಗೆರೆ ಕಡಿದಿದೆ. ನೀವು ಹೆದರಬೇಡಿರಿ. ಪೆನ್ಸಿಲು ಕಚಗುಳಿ ಇಟ್ಟಿತು, ಅವನು ನಕ್ಕ, ಬೆರಳು ಅಲ್ಲಾಡಿತು. ಅಷ್ಟೇ.

ನಿಮ್ಮ
ಗುರುದೇವಿ